ಆರೋ, ಏಳೋ?

ಬ್ಯಾಂಕಿನಲ್ಲಿ 36 ವರ್ಷ ಲೆಡ್ಜರ್ ಬರೆದವನು ನಾನು. ಒಂದು ರೂಪಾಯಿ ತಾಳೆಯಾಗದಿದ್ದರೂ ಮನೆಗೆ ಹೋಗುತ್ತಿರಲಿಲ್ಲ. ಅದೇ ಹಟ 73ನೇ ವಯಸ್ಸಿನಲ್ಲಿ ನಕ್ಷತ್ರಗಳ ಫೋಟೋಗೆ ತಿರುಗಿತು.

ಸಾಮಾನು ಹೆಚ್ಚೇನಿಲ್ಲ. ಮಗಳು ಮೂಲೆಗೆ ಹಾಕಿದ್ದ ಕ್ಯಾಮೆರಾ, ಅದರ ಜೊತೆಗೇ ಬಂದ 18-55 ಲೆನ್ಸ್, ಗಾಳಿಗೆ ನಡುಗುವ ಸ್ಟ್ಯಾಂಡ್. ಅದು ಅಲುಗದಿರಲೆಂದು ತೆಂಗಿನಕಾಯಿ ಚೀಲ ನೇತುಹಾಕಿದೆ. ಬೆರಳು ಒತ್ತಿದರೂ ಅಲುಗುತ್ತದೆ, ಹಾಗಾಗಿ 2 ಸೆಕೆಂಡಿನ ಟೈಮರ್. ಐಎಸ್‌ಒ 1600, ಅಪರ್ಚರ್ 3.5. ಮೊದಲು 30 ಸೆಕೆಂಡ್ ಬಿಟ್ಟೆ, ಚುಕ್ಕಿಗಳೆಲ್ಲ ಗೀರುಗಳಾದವು. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದಲ್ಲ! 500ನ್ನು ಲೆನ್ಸಿನ ಮಿಲಿಮೀಟರ್‌ನಿಂದ ಭಾಗಿಸಬೇಕು. ನಮ್ಮಂಥ ಸಣ್ಣ ಸೆನ್ಸರ್‌ಗೆ ಆ ಮಿಲಿಮೀಟರ್ ಒಂದೂವರೆ ಪಟ್ಟು. 18ಕ್ಕೆ ಸುಮಾರು 18 ಸೆಕೆಂಡ್, 55ಕ್ಕೆ ಬರೀ 6. ಲೆಕ್ಕ ನನಗೆ ಕಷ್ಟವಲ್ಲ.

ಕಷ್ಟವಾದದ್ದು ಫೋಕಸ್. ಕತ್ತಲಲ್ಲಿ ಆಟೊ ಫೋಕಸ್ ಕೆಲಸ ಮಾಡದು. ಲುಬ್ಧಕವನ್ನು ಪರದೆಯ ಮೇಲೆ ದೊಡ್ಡದು ಮಾಡಿಕೊಂಡು, ಅದು ಅತಿ ಸಣ್ಣ ಚುಕ್ಕಿಯಾಗುವವರೆಗೆ ಲೆನ್ಸಿನ ಬಳೆ ತಿರುಗಿಸಬೇಕು. ನನಗದು ಚುಕ್ಕಿಯಾಗಲೇ ಇಲ್ಲ. ಲೆನ್ಸಿಗೆ ಫಂಗಸ್ ಬಂದಿದೆ ಅಂದುಕೊಂಡು ಎಷ್ಟೋ ಫೋಟೋ ಅಳಿಸಿಬಿಟ್ಟೆ.

ಸಂಕ್ರಾಂತಿಗೆ ಊರಿಗೆ ಹೋದಾಗ ಅಮಾವಾಸ್ಯೆ ಹತ್ತಿರವಿತ್ತು. ತಾರಸಿಯಲ್ಲಿ ಮೊಮ್ಮಗಳು ಪಕ್ಕದಲ್ಲಿದ್ದಳು. ನೆತ್ತಿಯ ಮೇಲೆ ಕೃತ್ತಿಕೆ. ಚಿಕ್ಕಂದಿನಲ್ಲಿ ಅಮ್ಮ ಅಂಗಳದಲ್ಲಿ ಚಾಪೆ ಹಾಸಿ ಅದನ್ನೇ ಎಣಿಸಲು ಹೇಳುತ್ತಿದ್ದಳು. ನನಗೆ ಆರು. ಅಣ್ಣ ಏಳು ಎಂದು ಜಗಳ ಕಾಯುತ್ತಿದ್ದ. (ಸುಳ್ಳು ಹೇಳುತ್ತಿದ್ದ ಎಂಬುದು ಇಂದಿಗೂ ನನ್ನ ಅನುಮಾನ.) ಈಗ ನೋಡಿದರೆ ಬೂದಿ ಒರೆಸಿದಂಥ ಕಲೆ.

55ಕ್ಕೆ ತಂದು, ಐಎಸ್‌ಒ ಏರಿಸಿ 6 ಸೆಕೆಂಡಿನ ಫೋಟೋ ತೆಗೆದೆ. "ಇದೂ ಮಸುಕು," ಎಂದು ಅಳಿಸಲು ಹೋದಾಗ ಅವಳು ಕೈ ಹಿಡಿದಳು.

"ಯಾಕೆ ತಾತ? ಚುಕ್ಕಿ ಚುಕ್ಕಿಯಾಗೇ ಇದೆಯಲ್ಲ!"

17ರವರೆಗೆ ಎಣಿಸಿದಳು. ನನಗೆ ನಾಲ್ಕೂ ದಕ್ಕಲಿಲ್ಲ. ಪೊರೆ ಬಂದಿದೆ ಎಂದು ಡಾಕ್ಟರು ಹೇಳಿ ಎರಡು ವರ್ಷವಾಗಿತ್ತು. ಆಪರೇಷನ್ನಿಗೆ ಹೆದರಿ ಮನೆಯಲ್ಲಿ ಯಾರಿಗೂ ತಿಳಿಸಿರಲಿಲ್ಲ. ಅಂದು ಕತ್ತಲಲ್ಲಿ ಅವಳಿಗೆ ಹೇಳಿದೆ. ಅವಳು ಕೆಳಗಿಳಿದು ಅವರಮ್ಮನಿಗೆ ಹೇಳಲು ಐದು ನಿಮಿಷವೂ ಹಿಡಿಯಲಿಲ್ಲ.

ಬರುವ ಮಂಗಳವಾರ ಎಡಗಣ್ಣಿನ ಆಪರೇಷನ್. ಮಾರ್ಚಿನಲ್ಲೂ ಕೃತ್ತಿಕೆ ಸಂಜೆ ಪಡುವಣದಲ್ಲಿರುತ್ತದೆ. ಕ್ಯಾಮೆರಾ ಒಳಗಿಟ್ಟು, ಒಮ್ಮೆ ಬರಿಗಣ್ಣಲ್ಲೇ ಎಣಿಸಬೇಕೆಂದಿದ್ದೇನೆ.