ಮುಂದಿನ ಗಾಡಿ

ಪ್ರಯಾಣಕ್ಕಿಂತ ಪ್ರಯಾಣದ ಸಿದ್ಧತೆಯೇ ಹೆಚ್ಚು ಸುಖಕರವೆಂದು ನಂಬಿದವರ ಪೈಕಿ ನಾನೂ ಒಬ್ಬ. ಹೋಗುವುದರಲ್ಲಿ ಧೂಳಿದೆ, ನೂಕುನುಗ್ಗಲಿದೆ, ಖರ್ಚಿದೆ. ವೇಳಾಪಟ್ಟಿಯ ಮುಂದೆ ಕುಳಿತು ಹೋಗುವುದರಲ್ಲಿ ಇವಾವುವೂ ಇಲ್ಲ. ಹೀಗಾಗಿ ಬಳ್ಳಾರಿಯ ನಮ್ಮ ಮನೆಯ ಊಟದ ಮೇಜಿನ ಮೇಲೆ ಯುರೋಪು ಖಂಡದ ಭೂಪಟ ಹರಡಿಕೊಂಡಾಗ ನನಗಾದ ಆನಂದ ಅಷ್ಟಿಷ್ಟಲ್ಲ. ಅದರ ಮೂರು ಮೂಲೆಗಳ ಮೇಲೆ ಉಪ್ಪಿನಕಾಯಿಯ ಜಾಡಿ, ಶೇಂಗಾ ಚಟ್ನಿಪುಡಿಯ ಡಬ್ಬಿ, ನನ್ನ ಕನ್ನಡಕದ ಗೂಡು. ನಾಲ್ಕನೆಯ ಮೂಲೆಗೆ ನನ್ನ ಎಡ ಮೊಣಕೈ.

ಕಾರಣ ಇಷ್ಟೆ. ನಮ್ಮ ಮಗಳು ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದಲ್ಲಿದ್ದಾಳೆ. ಮಗ ಇಟಲಿಯ ಮಿಲಾನಿನಲ್ಲಿ. ಮೂರು ವರ್ಷಗಳ ಹಿಂದೆ ಮಗಳ ಬಾಣಂತನಕ್ಕೆಂದು ನನ್ನಾಕೆ ಹೋದಾಗ ದಾರಿಯಲ್ಲಿ ಎರಡು ಕಡೆ ವಿಮಾನ ಬದಲಿಸಬೇಕಾಯಿತು. ಒಂದೊಂದು ವಿಮಾನ ಇಳಿಯುವಾಗಲೂ ಕಿವಿಯೊಳಗೆ ಗೂಟ ಬಡಿದಂತಾಯಿತಂತೆ. ಮರಳಿ ಬಂದ ಮೇಲೆ ವೈದ್ಯರು ಪರೀಕ್ಷಿಸಿ, "ಇನ್ನು ಮೇಲೆ ಆಕಾಶಕ್ಕೆ ಏರಿಳಿಯುವುದನ್ನು ಆದಷ್ಟೂ ಕಡಿಮೆ ಮಾಡಿ" ಎಂದರು. ಮೊಮ್ಮಗಳಿಗೆ ಮೂರು ತುಂಬುವಷ್ಟರಲ್ಲಿ ಒಮ್ಮೆ ನೋಡಬೇಕೆಂಬ ಆಸೆ ಮಾತ್ರ ವೈದ್ಯರ ಮಾತಿಗೆ ಕಡಿಮೆಯಾಗಲಿಲ್ಲ. ನಾನು ಕೂಡಲೇ ಘೋಷಿಸಿದೆ: ಬೆಂಗಳೂರಿನಿಂದ ಫ್ರಾಂಕ್‌ಫರ್ಟಿಗೆ ನೇರವಾಗಿ ಒಂದೇ ವಿಮಾನ, ಬರುವಾಗಲೂ ಅದೇ, ಮಿಕ್ಕ ಯುರೋಪೆಲ್ಲ ನೆಲದ ಮೇಲೆ, ರೈಲಿನಲ್ಲಿ.

ಬಳ್ಳಾರಿಯಿಂದಲೇ ನೆಲದ ಮೇಲೆ ಹೋಗಬಾರದೇಕೆ ಎಂದು ವಾಚಕರು ಕೇಳಬಹುದು. ನಾನೂ ಒಂದು ರಾತ್ರಿಯೆಲ್ಲ ಅದನ್ನು ಯೋಚಿಸಿದವನೇ. ೧೯೫೭ರಲ್ಲಿ ಲಂಡನ್ನಿನಿಂದ ಕಲ್ಕತ್ತೆಗೆ ಬಸ್ಸೇ ಬಂದದ್ದುಂಟು. ಆದರೆ ಅಟ್ಟಾರಿಯಿಂದ ಲಾಹೋರಿನ ಕಡೆಗೆ ಓಡುತ್ತಿದ್ದ ಸಂಝೌತಾ ಎಕ್ಸ್‌ಪ್ರೆಸ್ ೨೦೧೯ರಲ್ಲಿ ನಿಂತುಹೋಯಿತು. ಭೂಪಟದಲ್ಲಿ ಬೆರಳು ಓಡಿದಷ್ಟು ಸಲೀಸಾಗಿ ಗಾಡಿ ಓಡುವುದಿಲ್ಲ.

ಯುರೋಪಿನೊಳಗಿನ ಯೋಜನೆಯಾದರೋ ನನ್ನ ದೃಷ್ಟಿಯಲ್ಲಿ ಒಂದು ಕಲಾಕೃತಿಯಾಗಿತ್ತು. ಫ್ರಾಂಕ್‌ಫರ್ಟಿನಿಂದ ಹ್ಯಾಂಬರ್ಗ್, ಅಲ್ಲಿಂದ ಡೆನ್ಮಾರ್ಕಿನ ಕೋಪನ್‌ಹೇಗನ್. ಅಲ್ಲಿಂದ ಸ್ವೀಡನ್ನಿಗೆ ಸಮುದ್ರದಾಚೆಯ ಹಾದಿ: ಮೊದಲು ನಾಲ್ಕು ಕಿಲೋಮೀಟರು ನೀರಿನಡಿಯ ಸುರಂಗ, ನಡುವೆ ಮನುಷ್ಯರೇ ಕಟ್ಟಿದ ಒಂದು ದ್ವೀಪ, ಆಮೇಲೆ ಸುಮಾರು ಎಂಟು ಕಿಲೋಮೀಟರು ಸೇತುವೆ. ಇದು ೨೦೦೦ದಲ್ಲಿ ತೆರೆಯಿತು. ಮಗಳ ಮನೆಯಿಂದ ಮಗನ ಮನೆಗೆ ಹೋಗುವಾಗ ಆಲ್ಪ್ಸ್ ಪರ್ವತದ ಬುಡದಲ್ಲಿ ಐವತ್ತೇಳು ಕಿಲೋಮೀಟರಿನ ಗೊಟ್ಟಾರ್ಡ್ ಸುರಂಗ, ೨೦೧೬ರದು. ಈ ಐದೂ ದೇಶಗಳಿಗೆ ಒಂದೇ ಷೆಂಗೆನ್ ವೀಸಾ. ನೂರ ಎಂಬತ್ತು ದಿನಗಳಲ್ಲಿ ತೊಂಬತ್ತು ದಿನ ಇರಬಹುದು. ಹೆಚ್ಚು ದಿನ ತಂಗುವ ದೇಶಕ್ಕೆ, ಎಂದರೆ ನಮ್ಮ ಪಾಲಿಗೆ ಸ್ವೀಡನ್ನಿಗೆ, ಅರ್ಜಿ. ನಡುವೆ ನಾನು ಇನ್ನೂ ಆರು ಪಟ್ಟಣಗಳನ್ನು ಪೋಣಿಸಿದ್ದೆ. ಎಂಟು ನಿಮಿಷ, ಹನ್ನೊಂದು ನಿಮಿಷಗಳ ಅಂತರದಲ್ಲಿ ಗಾಡಿಯಿಂದ ಗಾಡಿಗೆ ಹಾರುವ ಆ ಪಟ್ಟಿಯನ್ನು ನೋಡಿ ನನಗೆ ನಾನೇ ತಲೆದೂಗಿದೆ. ನನ್ನಾಕೆ ನೋಡಿ, "ಆಗಲಿ, ನೋಡೋಣ" ಎಂದಳು. ಮೂವತ್ತೆಂಟು ವರ್ಷಗಳ ಸಂಸಾರದಲ್ಲಿ ಆ ಮಾತಿಗೆ "ಬೇಡ" ಎಂದು ಅರ್ಥವೆಂಬುದನ್ನು ನಾನು ಕಲಿತಿರಬೇಕಾಗಿತ್ತು.

ಪಟ್ಟಿಯನ್ನು ಹಿಡಿದು ಕುರುಗೋಡಿಗೆ ಹೋದೆ. ನನ್ನ ಅಕ್ಕನ ಮನೆ ಅಲ್ಲಿ. ಭಾವ ಆಯುಷ್ಯವನ್ನೆಲ್ಲ ರೈಲ್ವೆ ಇಲಾಖೆಯಲ್ಲಿ ಸವೆಸಿ, ಕೊನೆಗೆ ರೈಲೇ ಬಾರದ ಊರಿನಲ್ಲಿ ನೆಲಸಿದ್ದಾರೆ. ದೊಡ್ಡಬಸವೇಶ್ವರನ ಸನ್ನಿಧಿಯಲ್ಲಿ ಕೂಗು ಕೇಳದೆ ನಿದ್ದೆ ಬರುತ್ತದಂತೆ. ಅವರು ಪಟ್ಟಿಯನ್ನು ಓದಿ ಮುಗಿಸಿ, "ಏನಪ್ಪಾ, ಮೊದಲನೆಯ ಗಾಡಿ ತಡವಾದರೆ ಮುಂದಿನ ಗಾಡಿ ಯಾವುದು? ಅದನ್ನು ಎಲ್ಲಿ ಬರೆದಿದ್ದೀ?" ಎಂದರು. ಜರ್ಮನರ ಗಾಡಿ ತಡವಾಗುವುದೇ ಎಂದು ನಾನು ನಕ್ಕೆ. ಮನೆಗೆ ಬಂದು ಹುಡುಕಿದರೆ, ೨೦೨೪ರಲ್ಲಿ ಜರ್ಮನಿಯ ದೂರಪ್ರಯಾಣದ ಗಾಡಿಗಳಲ್ಲಿ ಹೊತ್ತಿಗೆ ಸರಿಯಾಗಿ ಬಂದವು ನೂರಕ್ಕೆ ಅರವತ್ತೆರಡೂವರೆ ಮಾತ್ರ. ಅದೂ ಆರು ನಿಮಿಷದೊಳಗಿನ ತಡವನ್ನು ಲೆಕ್ಕಕ್ಕೆ ಹಿಡಿಯದೆ! ಈ ಸುದ್ದಿಯಿಂದ ನನಗೆ ದುಃಖವಾಯಿತೋ ಒಂದು ಬಗೆಯ ಸಮಾಧಾನವಾಯಿತೋ ಹೇಳಲಾರೆ. ಭಾವ ಇನ್ನೊಂದನ್ನೂ ಹೇಳಿಕೊಟ್ಟಿದ್ದರು: ತುಂಡು ತುಂಡಾಗಿ ಟಿಕೇಟು ಕೊಳ್ಳಬೇಡ, ಆದಷ್ಟೂ ಆರಂಭದಿಂದ ಕೊನೆಯವರೆಗೆ ಒಂದೇ ಟಿಕೇಟು ಮಾಡಿಸು. ಯುರೋಪಿನ ನಿಯಮವೂ ಹಾಗೆಯೇ ಇದೆ. ಒಂದೇ ಟಿಕೇಟಾದರೆ, ನಡುವೆ ಗಾಡಿ ತಪ್ಪಿದವರನ್ನು ಗುರಿ ಮುಟ್ಟಿಸುವ ಹೊಣೆ ರೈಲ್ವೆಯದು. ಬೇರೆ ಬೇರೆ ಟಿಕೇಟಾದರೆ ನಮ್ಮ ಹಣೆಬರಹ.

ಸಿರುಗುಪ್ಪಕ್ಕೆ ಹೋದದ್ದು ಅತ್ತೆಯವರಿಗೆ ಹೇಳಿ ಬರಲು. ಅಲ್ಲಿಗೂ ರೈಲಿಲ್ಲ. ತೆಕ್ಕಲಕೋಟೆ ದಾಟಿ, ಭತ್ತದ ಗದ್ದೆಗಳ ನಡುವೆ ಬಸ್ಸಿನಲ್ಲಿ ಹೋದೆವು. ತೊಂಬತ್ತು ಸಮೀಪಿಸಿದ ಅತ್ತೆಯವರು ಮೊಮ್ಮಗಳಿಗೆಂದು ಕಾಸಿದ ತುಪ್ಪದ ಡಬ್ಬಿಯನ್ನು ಮುಂದಿಟ್ಟರು. ಹೊರದೇಶದ ಹಾಲು ತುಪ್ಪಗಳನ್ನು ಪ್ರಯಾಣಿಕರು ಯುರೋಪಿಗೆ ಒಯ್ಯುವಂತಿಲ್ಲವೆಂದು ವಿವರಿಸಲು ನನಗೆ ಅರ್ಧ ಗಂಟೆ ಹಿಡಿಯಿತು, ಅವರು ಒಪ್ಪಲಿಲ್ಲ. ಆಮೇಲೆ ನಾನು ಪಟ್ಟಿಯನ್ನು ತೆಗೆದು, ಎಷ್ಟು ಕಡೆ ಗಾಡಿ ಬದಲಿಸುತ್ತೇವೆಂದು ಉತ್ಸಾಹದಿಂದ ಎಣಿಸತೊಡಗಿದೆ. ಅತ್ತೆಯವರು ಮಗಳ ಮುಖ ನೋಡಿದರು. "ಗುಂತಕಲ್ಲಿನ ಸಂಗತಿ ಇವರಿಗೆ ಹೇಳಿಲ್ಲವೇನೇ?" ಎಂದರು.

ನಮ್ಮ ಭಾಗದ ಹಿರಿಯರಿಗೆ ಗುಂತಕಲ್ಲನ್ನು ಪರಿಚಯಿಸಬೇಕಾಗಿಲ್ಲ. ೧೮೭೧ರಲ್ಲಿ ಅಲ್ಲಿಂದ ಬಳ್ಳಾರಿಗೆ ಹಳಿ ಬಂದಾಗ ಅದು ಅಗಲ ಹಳಿಯಾಗಿತ್ತು. ಮುಂದೆ ಅದನ್ನು ಕಿತ್ತು ಮೀಟರ್ ಗೇಜ್ ಮಾಡಿದರು. ಒಂದು ಶತಮಾನದ ಮೇಲೆ, ೧೯೯೦ರ ದಶಕದಲ್ಲಿ, ಮತ್ತೆ ಅಗಲ ಮಾಡಿದರು. ನಡುವಿನ ಆ ಕಾಲದಲ್ಲಿ ಮದ್ರಾಸಿಗೆ ಹೋಗುವ ಬಳ್ಳಾರಿಯವರೆಲ್ಲ ಗುಂತಕಲ್ಲಿನಲ್ಲಿ ಸಣ್ಣ ಗಾಡಿಯಿಂದಿಳಿದು ದೊಡ್ಡ ಗಾಡಿಗೆ ಓಡಬೇಕಾಗಿತ್ತು. ೧೯೬೭ರ ಒಂದು ರಾತ್ರಿ ನನ್ನ ಮಾವನವರು ಟ್ರಂಕು ಹೊತ್ತ ಕೂಲಿಯ ಜೊತೆ ಮುಂದೆ ಮುಂದೆ ನಡೆದರು. ಅತ್ತೆಯವರು ಕಂಕುಳ ಕೂಸಿನೊಂದಿಗೆ ಹಿಂದೆ. ಏಳು ವರ್ಷದ ಹುಡುಗಿ ಕೈಯಲ್ಲಿ ಹಿತ್ತಾಳೆಯ ನೀರಿನ ತಂಬಿಗೆ ಹಿಡಿದು ಎಲ್ಲರಿಗಿಂತ ಹಿಂದೆ. ಗಾಡಿ ಹೊರಟಾಗ ಆಕೆ ಪ್ಲಾಟ್‌ಫಾರ್ಮಿನ ಮೇಲೆಯೇ ಇದ್ದಳು. ಯಾರೋ ಸರಪಳಿ ಎಳೆದರು, ಗಾಡಿ ನಿಂತಿತು. ಎಲ್ಲ ಸೇರಿ ನಾಲ್ಕು ನಿಮಿಷದ ಸಂಗತಿ. ತಂಬಿಗೆಯ ನೀರು ಚೆಲ್ಲಿರಲಿಲ್ಲವೆಂದು ಅತ್ತೆಯವರು ಈಗಲೂ ಹೆಮ್ಮೆಯಿಂದ ಹೇಳುತ್ತಾರೆ.

ಹಿಂದಿರುಗುವ ಬಸ್ಸಿನಲ್ಲಿ ನಾನು ಕೇಳಿದೆ: ಇಷ್ಟು ವರ್ಷ ಹೇಳಲಿಲ್ಲವೇಕೆ? ಆಕೆ ಕಿಟಕಿಯ ಹೊರಗೆ ನೋಡುತ್ತ, "ಗಾಡಿ ತಪ್ಪೀತೆಂಬ ಭಯ ನನಗಿಲ್ಲರೀ. ನೀವು ಎಲ್ಲಿಗೆ ಹೋದರೂ ಮುಂದೆ ಮುಂದೆ ನಡೆಯುತ್ತೀರಲ್ಲ, ಅದು ಭಯ" ಎಂದಳು.

ತೆಕ್ಕಲಕೋಟೆಯ ಬಂಡೆಗುಡ್ಡಗಳು ಹಿಂದೆ ಸರಿಯುವವರೆಗೂ ನನಗೆ ಉತ್ತರ ತೋಚಲಿಲ್ಲ. ಮದುವೆಯಾದ ವರ್ಷ ಹಂಪಿಗೆ ಹೋದಾಗಿನಿಂದ ಮೊನ್ನೆ ಬೆಂಗಳೂರು ರಸ್ತೆಯ ಅಂಗಡಿಗಳವರೆಗೆ ನಾನು ಹತ್ತು ಹೆಜ್ಜೆ ಮುಂದೆಯೇ ನಡೆದಿದ್ದೇನೆ. ದಾರಿ ತೋರಿಸುತ್ತಿದ್ದೇನೆಂಬ ಭಾವನೆ ನನ್ನದು!

ಭೂಪಟ ಮತ್ತೆ ಮೇಜಿಗೆ ಬಂದಿತು. ಈ ಸಲ ಆಕೆ ಎದುರಿಗೆ ಕುಳಿತಳು. ಆರು ಪಟ್ಟಣಗಳೂ ಅಳಿಸಿಹೋದವು. ಒಂದೆರಡಕ್ಕೆ ನಾನು ಸಣ್ಣಗೆ ಪ್ರತಿಭಟಿಸಿದೆ. ಎಂಟು ನಿಮಿಷಗಳಿದ್ದಲ್ಲಿ ಎರಡು ಗಂಟೆಗಳು ಬಂದವು. ಹ್ಯಾಂಬರ್ಗಿನಲ್ಲಿ ಒಂದು ರಾತ್ರಿ ತಂಗುವುದೆಂದಾಯಿತು. ಬರುವಾಗ ಹ್ಯಾಂಬರ್ಗಿನಿಂದ ಸ್ವಿಟ್ಜರ್ಲೆಂಡಿನ ಜ್ಯೂರಿಚ್‌ವರೆಗೆ ಮಲಗುವ ಗಾಡಿಯನ್ನು ಆಕೆಯೇ ಆರಿಸಿದಳು, ಇಡೀ ರಾತ್ರಿ ಎಲ್ಲಿಯೂ ಇಳಿಯಬೇಕಾಗಿಲ್ಲವೆಂಬ ಒಂದೇ ಕಾರಣಕ್ಕೆ. ಜ್ಯೂರಿಚ್‌ನಿಂದ ಮಿಲಾನಿಗೆ ನೇರ ಗಾಡಿ. ದೊಡ್ಡ ಪೆಟ್ಟಿಗೆಗಳೆರಡನ್ನು ಅಟ್ಟಕ್ಕೇರಿಸಿ ಚಿಕ್ಕವನ್ನು ಕೊಂಡೆವು. ಒಂದು ಕೈ ಬಿಡುವಾಗಿರಬೇಕೆಂದು ಆಕೆಯ ಷರತ್ತು. ಒಂದೊಂದು ಸಾಲಿನ ಕೆಳಗೂ, ಭಾವ ಹೇಳಿದಂತೆ, ಮುಂದಿನ ಗಾಡಿಯ ಹೊತ್ತನ್ನು ಕೆಂಪು ಶಾಯಿಯಲ್ಲಿ ಬರೆದೆ. ಅಲ್ಲಿಯ ವೇಳಾಪಟ್ಟಿ ಪ್ರತಿವರ್ಷ ಡಿಸೆಂಬರಿನ ಎರಡನೆಯ ಶನಿವಾರದ ನಡುರಾತ್ರಿ ಬದಲಾಗುತ್ತದೆ. ನಾವು ಹೊರಡುವುದು ಮೇ ತಿಂಗಳಲ್ಲಿ. ಹೊಸ ಪಟ್ಟಿ ಬಂದ ಮೇಲೆ ಎಲ್ಲವನ್ನೂ ಮತ್ತೊಮ್ಮೆ ತಾಳೆ ನೋಡಿ, ಒಂದೊಂದಾಗಿ ಟಿಕೇಟುಗಳನ್ನು ಕಾದಿರಿಸಿದೆ. ಮಲಗುವ ಗಾಡಿಯಲ್ಲಿ ಆಕೆಗೆ ಕೆಳಗಿನ ಹಾಸಿಗೆಯೂ ದೊರೆಯಿತು.

ಕಳೆದ ವಾರ ಕುರುಗೋಡಿಗೆ ಫೋನು ಮಾಡಿ ಎಲ್ಲವನ್ನೂ ಒಪ್ಪಿಸುತ್ತಿರುವಾಗ ಥಟ್ಟನೆ ನೆನಪಾಯಿತು: ಬಳ್ಳಾರಿಯಿಂದ ಬೆಂಗಳೂರಿಗೆ ಹಂಪಿ ಎಕ್ಸ್‌ಪ್ರೆಸ್! ಇಲ್ಲಿ ಅರವತ್ತು ದಿನ ಮುಂಚಿತವಾಗಿ ಮಾತ್ರ ಟಿಕೇಟು ಕೊಡುತ್ತಾರೆ. ಆ ಅರವತ್ತನೆಯ ದಿನ ಎಂದೋ ಕಳೆದುಹೋಗಿತ್ತು. ನೋಡಿದರೆ ಸಿಕ್ಕಿದ್ದು ಕಾಯುವ ಪಟ್ಟಿಯಲ್ಲಿ ಹದಿನಾಲ್ಕು ಮತ್ತು ಹದಿನೈದು. ನನ್ನಾಕೆ ಅಡಿಗೆಮನೆಯಲ್ಲಿ ನಗುತ್ತಿದ್ದುದು ಫೋನಿನಾಚೆಗೂ ಕೇಳಿಸಿರಬೇಕು.

"ಇರಲಿ ಬಿಡಪ್ಪಾ" ಎಂದರು ಭಾವ. "ಮುಂದಿನ ಗಾಡಿ ಯಾವುದು, ಬರೆದಿಟ್ಟಿದ್ದೀಯಾ?"