ಎಸ್.ಪಿ. ರೋಡಿನಲ್ಲಿ ಒಂದು ವಿಸಿಆರ್ ಹುಡುಕಾಟ

ಸಾದರ್ ಪತ್ರಪ್ಪ ರಸ್ತೆ ಎಲ್ಲಿದೆ ಅಂತ ಕೇಳಿದರೆ ಬೆಂಗಳೂರಿನ ಆಟೋದವರೂ ಒಂದು ಕ್ಷಣ ಯೋಚಿಸುತ್ತಾರೆ. ಎಸ್.ಪಿ. ರೋಡ್ ಅನ್ನಿ, ಮೀಟರ್ ಹಾಕದಿದ್ದರೂ ಗಾಡಿ ಮಾತ್ರ ಸೀದಾ ಅಲ್ಲಿಗೇ ಹೋಗುತ್ತದೆ. ಆದರೆ ನನ್ನ ಕೇಳಿದರೆ ಮೆಟ್ರೊ ವಾಸಿ. ಹಸಿರು ಮಾರ್ಗದಲ್ಲಿ ಚಿಕ್ಕಪೇಟೆಯಲ್ಲೋ ಕೆ.ಆರ್. ಮಾರ್ಕೆಟ್‌ನಲ್ಲೋ ಇಳಿದು ಪೇಟೆಯ ಗಲ್ಲಿಗಳಲ್ಲಿ ನಡೆದು ಬನ್ನಿ. ಬಟ್ಟೆ, ಪಾತ್ರೆ, ಪುಸ್ತಕ ಎಲ್ಲ ದಾಟಿದ ಮೇಲೆ ಒಮ್ಮೆಲೇ ವೈರು, ಮದರ್‌ಬೋರ್ಡು, ಸಿಸಿಟಿವಿ ಡಬ್ಬಗಳ ಲೋಕ ಶುರುವಾಗುತ್ತದೆ. ಕೈಗಾಡಿ, ಸ್ಕೂಟರು, ತಲೆಮೇಲೆ ಮಾನಿಟರ್ ಹೊತ್ತ ಹುಡುಗರು, ಎಲ್ಲರಿಗೂ ಅದೇ ರಸ್ತೆ. ಫುಟ್‌ಪಾತ್ ಹುಡುಕಬೇಡಿ.

ಕಂಪ್ಯೂಟರಿಗೆ ಬೇಕಾದ್ದು ಏನು ಕೇಳಿದರೂ ಇಲ್ಲಿ 'ಇಲ್ಲ' ಅನ್ನುವುದಿಲ್ಲ. ಅಂಗಡಿಯಲ್ಲಿ ಇಲ್ಲದಿದ್ದರೆ ಹುಡುಗನನ್ನು ಪಕ್ಕದ ಅಂಗಡಿಗೆ ಓಡಿಸಿ ತರಿಸುತ್ತಾರೆ. ಆದರೆ 'ವಿಸಿಆರ್ ಇದೆಯಾ?' ಅಂದಾಗ ಮಾತ್ರ ಕೌಂಟರಿನ ಹುಡುಗರು ನಕ್ಕರು. ಒಬ್ಬ 'ಡಿವಿಆರ್ ಆ ಮೇಡಂ?' ಅಂತ ಸಿಸಿಟಿವಿ ರೆಕಾರ್ಡರ್ ತೆಗೆದೇಬಿಟ್ಟ. ಅವನ ತಪ್ಪೇನಿಲ್ಲ ಬಿಡಿ. ವಿಎಚ್‌ಎಸ್ ಜಪಾನಿನಲ್ಲಿ ಮಾರುಕಟ್ಟೆಗೆ ಬಂದಿದ್ದು 1976ರಲ್ಲಿ. ಕೊನೆಯವರೆಗೂ ವಿಸಿಆರ್ ಮಾಡುತ್ತಿದ್ದ ಫುನಾಯ್ ಕಂಪನಿ 2016ರ ಜುಲೈನಲ್ಲಿ ಕೈಚೆಲ್ಲಿತು. ಆಮೇಲೆ ಹೊಸ ವಿಸಿಆರ್ ಅನ್ನುವ ವಸ್ತುವೇ ಇಲ್ಲ, ಇರುವುದೆಲ್ಲ ಹಳೆಯದರ ರಿಪೇರಿ.

ನನ್ನ ಬ್ಯಾಗಿನಲ್ಲಿ ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಅಟ್ಟದಿಂದ ಇಳಿಸಿದ ಏಳು ಕ್ಯಾಸೆಟ್‌ಗಳಿದ್ದವು. ನಾಲ್ಕು ಮದುವೆ, ಎರಡು ಉಪನಯನ. ಏಳನೆಯದು ಅಮೆರಿಕದಲ್ಲಿದ್ದ ಚಿಕ್ಕಪ್ಪ 1997ರ ದೀಪಾವಳಿಗೆ ಬಂದಾಗ ಹ್ಯಾಂಡಿಕ್ಯಾಮ್‌ನಲ್ಲಿ ತೆಗೆದು, ವಾಪಸ್ ಹೋದಮೇಲೆ ವಿಎಚ್‌ಎಸ್‌ಗೆ ಹಾಕಿ ಪೋಸ್ಟ್ ಮಾಡಿದ್ದು. ಅದನ್ನು ನಮ್ಮ ಮನೆಯಲ್ಲಿ ಯಾರೂ ನೋಡಿಯೇ ಇರಲಿಲ್ಲ. ಟಿವಿ, ವಿಸಿಆರ್ ಬಾಡಿಗೆಗೆ ತಂದು ಹಾಕಿದ ದಿನ ಚಿತ್ರ ನಿಲ್ಲದೆ ಮೇಲಕ್ಕೇ ಓಡುತ್ತಿತ್ತಂತೆ. 'ಕ್ಯಾಸೆಟ್ ಹಾಳಾಗಿದೆ' ಅಂತ ಎತ್ತಿಟ್ಟರು. 2001ರಲ್ಲಿ ಅಜ್ಜಿ ಹೋದರು. ಅಜ್ಜಿಯ ಫೋಟೋ ನಮ್ಮಲ್ಲಿ ಬೇಕಾದಷ್ಟಿದೆ, ದನಿ ಮಾತ್ರ ಎಲ್ಲೂ ಇಲ್ಲ. ಮದುವೆ ಕ್ಯಾಸೆಟ್‌ಗಳಲ್ಲಿ ಇರಬಹುದಲ್ಲ ಅಂತ ನಿಮಗನ್ನಿಸಬಹುದು. ತೊಂಬತ್ತರ ದಶಕದ ಮದುವೆ ವಿಡಿಯೊ ನೋಡಿದವರಿಗೆ ಉತ್ತರ ಗೊತ್ತು. ಮಾಂಗಲ್ಯಧಾರಣೆಯಿಂದ ಊಟದ ಪಂಕ್ತಿಯವರೆಗೆ ಎಲ್ಲದರ ಮೇಲೂ ವಿಡಿಯೊದವನು ಸಿನಿಮಾ ಹಾಡು ಹಾಕಿರುತ್ತಾನೆ. ಹೆಂಗಸರು ಕೂತು ಹಾಡುತ್ತಿರುವುದು ಕಾಣುತ್ತದೆ, ಬಾಯಿ ಆಡುತ್ತದೆ, ಕೇಳುವುದು ಮಾತ್ರ ಇನ್ನಾರದೋ ಡ್ಯೂಯೆಟ್!

ಮೂರನೇ ಅಂಗಡಿಯವರು ಹೇಳಿದ ದಾರಿ ಹಿಡಿದು ಒಂದು ಪಕ್ಕದ ಗಲ್ಲಿ, ಅದರೊಳಗೊಂದು ಕಡಿದಾದ ಮೆಟ್ಟಿಲು ಹತ್ತಿದೆ. ಮಂಚದಷ್ಟು ಅಗಲದ ಕೋಣೆ. ಬಿಚ್ಚಿಟ್ಟ ಯಂತ್ರಗಳ ನಡುವೆ ಅರವತ್ತು ದಾಟಿದ ಮೆಕ್ಯಾನಿಕ್. ಗೋಡೆಯ ರ‍್ಯಾಕಿನಲ್ಲಿ ಇನ್ನೂರಾದರೂ ಕ್ಯಾಸೆಟ್. ಕಂಪ್ಯೂಟರಿಗೆ ಹಾಕಿಸಲು ಕೊಟ್ಟು ಮತ್ತೆ ತಿರುಗಿ ಬಾರದವರದ್ದಂತೆ. ಒಂದರ ಮೇಲೆ 'ಗೃಹಪ್ರವೇಶ, 1993' ಅಂತಲೂ ಏಳಂಕಿಯ ಒಂದು ಲ್ಯಾಂಡ್‌ಲೈನ್ ನಂಬರೂ ಇತ್ತು. 'ಮುಂದೆ ಎರಡು ಸೇರಿಸಿ ಮಾಡಿ ನೋಡಿದೆ. ಹೋಗಲಿಲ್ಲ' ಅಂದರು. ಎಸೆಯಲಿಕ್ಕೆ ಅವರಿಗೆ ಮನಸ್ಸಿಲ್ಲ.

ನನ್ನ ಏಳನೇ ಕ್ಯಾಸೆಟ್ಟನ್ನು ಕಿಟಕಿ ಬೆಳಕಿಗೆ ಹಿಡಿದರು. ಸುರುಳಿಯ ಅಂಚಿನಲ್ಲಿ ಬಿಳಿ ಪುಡಿ. 'ಮಲೆನಾಡಾ ಅಮ್ಮಾ?' ಅಂತ ಕೇಳಿದರು. ಬೂಸ್ಟು ನೋಡಿಯೇ ಊರು ಹೇಳುವವರನ್ನು ನಾನು ಮೊದಲ ಸಲ ನೋಡಿದ್ದು.

ವಿಷಯ ಇಷ್ಟೇ. ಟೇಪು ಅಂದರೆ ತೆಳ್ಳನೆಯ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಂಟಿಸಿದ ಕಾಂತದ ಪುಡಿ. ಆ ಅಂಟು ತೇವ ಹೀರುತ್ತದೆ, ಮೆತ್ತಗಾಗುತ್ತದೆ, ಅದರ ಮೇಲೆ ಬೂಸ್ಟು ಕೂರುತ್ತದೆ. ಮೂರು ಗಂಟೆಯ ಕ್ಯಾಸೆಟ್ಟಿನಲ್ಲಿ ಇಂಥ ಪಟ್ಟಿ ಕಾಲು ಕಿಲೋಮೀಟರ್ ಉದ್ದ. ಹಾಗೇ ಯಂತ್ರಕ್ಕೆ ತುರುಕಿದರೆ ಸೆಕೆಂಡಿಗೆ 25 ಸುತ್ತು ತಿರುಗುವ ಹೆಡ್ಡಿಗೆ ಆ ಕೊಳೆ ಮೆತ್ತಿಕೊಳ್ಳುತ್ತದೆ. ಟೇಪು ಹರಿಯಬಹುದು, ಮುಂದೆ ಹಾಕುವ ಬೇರೆಯವರ ಕ್ಯಾಸೆಟ್ಟೂ ಕೆಡಬಹುದು. ಇನ್ನು ಚಿತ್ರ ಮೇಲಕ್ಕೆ ಓಡಿದ್ದಕ್ಕೆ ಬೂಸ್ಟು ಕಾರಣವೇ ಅಲ್ಲ. ನಮ್ಮ ದೇಶದ್ದು ಪಾಲ್ ಪದ್ಧತಿ, 625 ಗೆರೆ, ಸೆಕೆಂಡಿಗೆ 25 ಚಿತ್ರ. ಅಮೆರಿಕದ್ದು ಎನ್‌ಟಿಎಸ್‌ಸಿ, 525 ಗೆರೆ, ಸುಮಾರು 30 ಚಿತ್ರ. ಎರಡನ್ನೂ ಓದುವ ಮಲ್ಟಿಸಿಸ್ಟಂ ವಿಸಿಆರ್ ಬೇಕಿತ್ತು, ಅಷ್ಟೇ. ಅಂಥದ್ದೊಂದು ಅವರ ಹತ್ತಿರ ಇತ್ತು, ದುಬೈನಿಂದ ಯಾರೋ ತಂದಿದ್ದು.

'ಬೂಸ್ಟಿನ ಕ್ಯಾಸೆಟ್ಟು ಇದಕ್ಕೆ ಹಾಕಲ್ಲಮ್ಮ. ಇದು ಹೋದ್ರೆ ಇನ್ನೊಂದಿಲ್ಲ.' ಖಡಾಖಂಡಿತ ಮಾತು. ಆಮೇಲೆ ಸ್ವಲ್ಪ ಹೊತ್ತು ಕ್ಯಾಸೆಟ್ಟನ್ನು ತಿರುಗಿಸಿ ಮುರುಗಿಸಿ ನೋಡಿ, 'ಮಿಕ್ಕ ಆರನ್ನ ನೀವೇ ಮಾಡ್ಕೊಳಿ. ಇದನ್ನ ಬಿಟ್ಟುಹೋಗಿ, ಕ್ಲೀನ್ ಆದ್ರೆ ನೋಡೋಣ' ಅಂದರು.

ಆ ಆರಕ್ಕೋಸ್ಕರ ನಾನು ಹೋಗಿದ್ದು ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿಗೆ. ಭಾನುವಾರ ಪೇಟೆಯ ಅಂಗಡಿಗಳ ಬಾಗಿಲು ಹಾಕಿದ ಮೇಲೆ ರಸ್ತೆ ಮೇಲೇ ಟಾರ್ಪಾಲು ಹಾಸಿ ಹಳೇ ಸಾಮಾನು ಹರಡುತ್ತಾರಲ್ಲ, ಅದೇ. ಬೇಗ ಹೋಗಬೇಕು. ಹಾಕಿ ನೋಡಲು ಅಲ್ಲಿ ಕರೆಂಟಿರಲ್ಲ, ಚೌಕಾಸಿ ಮಾಡಿ ದೇವರ ಮೇಲೆ ಭಾರ ಹಾಕುವುದು. ಹಳದಿ, ಬಿಳಿ, ಕೆಂಪು ತೂತುಗಳು ಸರಿಯಾಗಿವೆಯಾ, ಒಳಗೆ ಹಳೇ ಟೇಪು ಸಿಕ್ಕಿಕೊಂಡಿದೆಯಾ ಅಂತ ಮೊಬೈಲ್ ಟಾರ್ಚ್ ಬಿಟ್ಟು ನೋಡಿ 1,800 ರೂಪಾಯಿಗೆ ಒಂದನ್ನು ಹೊತ್ತು ತಂದೆ. ಮೆಕ್ಯಾನಿಕ್ ಅಂಕಲ್ ಬೆಲ್ಟ್ ಬದಲಿಸಿ, ಹೆಡ್ ಒರೆಸಿ ಕೊಟ್ಟರು.

ಕಂಪ್ಯೂಟರಿಗೆ ಸೇರಿಸಲು ಬೇಕಾದ ಯುಎಸ್‌ಬಿ ಕ್ಯಾಪ್ಚರ್ ಸ್ಟಿಕ್ ಎಸ್.ಪಿ. ರೋಡಿನಲ್ಲೇ ಸಿಕ್ಕಿತು. ಅದರ ಜೊತೆ ಒಂದು ಪುಟ್ಟ ಸಿಡಿ ಕೊಡುತ್ತಾರೆ, ಈಗಿನ ಲ್ಯಾಪ್‌ಟಾಪ್‌ನಲ್ಲಿ ಅದನ್ನು ಎಲ್ಲಿಗೆ ಹಾಕಬೇಕು ಅಂತ ಮಾತ್ರ ಹೇಳಲ್ಲ! ನಾನು ಬಳಸಿದ್ದು ಪುಕ್ಕಟೆ ಸಿಗುವ ಒಬಿಎಸ್ ಸಾಫ್ಟ್‌ವೇರ್. ನೋಡಬೇಕಾದ್ದು ಒಂದೇ: ನಮ್ಮ ಊರಿನ ಕ್ಯಾಸೆಟ್ಟಾದರೆ ಸೆಟ್ಟಿಂಗ್ ಪಾಲ್ ಇರಲಿ, ಅಳತೆ 720 ಗುಣಿಸು 576, ಸೆಕೆಂಡಿಗೆ 25. ಶುರುಮಾಡುವ ಮೊದಲು ಕ್ಯಾಸೆಟ್ಟಿನ ಬೆನ್ನಿನ ಪುಟ್ಟ ಪ್ಲಾಸ್ಟಿಕ್ ತುಂಡು ಮುರಿದುಬಿಡಿ, ಅಪ್ಪಿತಪ್ಪಿ ಮೇಲೆ ರೆಕಾರ್ಡ್ ಆಗುವ ಭಯ ಇರಲ್ಲ. ಇಲ್ಲಿ ಕಾಪಿ–ಪೇಸ್ಟ್ ಇಲ್ಲ. ಮೂರು ಗಂಟೆಯ ಮದುವೆಗೆ ಮೂರು ಗಂಟೆಯೇ ಬೇಕು. ವರ್ಕ್ ಫ್ರಮ್ ಹೋಮ್ ಇರುವ ನಮ್ಮಂಥವರಿಗೆ ಹೇಳಿಮಾಡಿಸಿದ ಕೆಲಸ. ಒಂದು ಕಡೆ ಸ್ಟ್ಯಾಂಡಪ್ ಮೀಟಿಂಗು, ಇನ್ನೊಂದು ಕಡೆ ದೊಡ್ಡತ್ತೆಯ ಧಾರೆ.

ಹತ್ತು ದಿನ ಬಿಟ್ಟು ಫೋನ್ ಬಂತು. ಹೋದೆ. ಅಂಕಲ್ ಐದು ಸ್ಕ್ರೂ ಬಿಚ್ಚಿ, ಮಾಸ್ಕ್ ಹಾಕಿಕೊಂಡು, ಸುರುಳಿಯನ್ನು ಕೈಯಲ್ಲೇ ಸುತ್ತುತ್ತಾ ಬಟ್ಟೆಯಲ್ಲಿ ಒರೆಸಿ, ಬೇರೆ ಒಳ್ಳೆಯ ಡಬ್ಬಕ್ಕೆ ಕೂರಿಸಿದ್ದರು. 'ಒಂದೇ ಸಲ ಹಾಕ್ತೀನಿ. ಮೊದ್ಲು ನಿಮ್ ರೆಕಾರ್ಡ್ ಒತ್ತಿ.' ನನ್ನ ಲ್ಯಾಪ್‌ಟಾಪ್ ಎನ್‌ಟಿಎಸ್‌ಸಿಗೆ ಬದಲಿಸಿ ಒತ್ತಿದೆ. ನೀಲಿ ಪರದೆ. ಬಿಳಿ ಗೆರೆಗಳು. ಮತ್ತೆ ನೀಲಿ. ಆಮೇಲೆ ನಮ್ಮ ಅಡಿಕೆ ಅಂಗಳ.

ಎಲ್ಲ ಸೇರಿ ಇದ್ದದ್ದು 38 ನಿಮಿಷ. ನಡುವೆ ಎರಡು ಕಡೆ ಚಿತ್ರ ಹರಿದಿದೆ, ದನಿ ಮಾತ್ರ ಕೆಟ್ಟಿಲ್ಲ. ಗೋಪೂಜೆಗೆ ಹೂವಿನ ಹಾರ ಕಟ್ಟುತ್ತಿದ್ದ ಅಜ್ಜಿ ತಲೆ ಎತ್ತಿ ಕ್ಯಾಮೆರಾ ನೋಡುತ್ತಾರೆ. 'ಎಂತದಾ ಅದು, ಬೆಳಗ್ಗಿಂದ ಹಿಡ್ಕಂಡೇ ತಿರುಗ್ತಿದೀಯಲ. ಅತ್ಲಾಗಿಟ್ಟು ಊಟಕ್ಕೆ ಬಾ ಮಾರಾಯ.' ನನ್ನ ನೆನಪಿನಲ್ಲಿದ್ದ ದನಿ ಇನ್ನೂ ಮೆತ್ತಗಿತ್ತು. ಇದು ಸ್ವಲ್ಪ ಗಡಸು, ಥೇಟ್ ಅತ್ತೆಯ ದನಿ. ಅಂಕಲ್ ಯಂತ್ರದ ಸದ್ದು ಕೇಳುತ್ತಾ ಕೂತಿದ್ದವರು ಆ ಮಾತಿಗೆ ನಕ್ಕರು.

ನೀವೂ ಮಾಡುವುದಾದರೆ ಎರಡು ಮಾತು. ಮೂಲ ಫೈಲು ದೊಡ್ಡದಿದೆ ಅಂತ ಅಳಿಸಬೇಡಿ. ಒಂದು ಹಾರ್ಡ್‌ಡಿಸ್ಕ್‌ನಲ್ಲಿ, ಇನ್ನೊಂದು ಬೇರೆ ಊರಿನ ಬೇರೆ ಮನೆಯಲ್ಲಿ, ಮತ್ತೊಂದು ಕ್ಲೌಡ್‌ನಲ್ಲಿ ಇರಲಿ. ವಾಟ್ಸ್ಯಾಪ್‌ನಲ್ಲಿ ವಿಡಿಯೊ ಅಂತ ಕಳಿಸಿದರೆ ಅದು ಹಿಂಡಿ ಸಿಪ್ಪೆ ಮಾಡುತ್ತದೆ, ಡಾಕ್ಯುಮೆಂಟ್ ಅಂತ ಕಳಿಸಿ.

ಹಬ್ಬಕ್ಕೆ ಊರಿಗೆ ಹೋದಾಗ ಟಿವಿಗೆ ಪೆನ್‌ಡ್ರೈವ್ ಹಾಕಿ ಅತ್ತೆಯ ಪಕ್ಕ ನೋಟ್‌ಬುಕ್ ಹಿಡಿದು ಕೂತೆ. ನಿಮಿಷ, ಸೆಕೆಂಡು, ಹೆಸರು. ಅತ್ತೆ ಒಬ್ಬೊಬ್ಬರನ್ನೇ ಹೇಳುತ್ತಾ ಹೋದರು: ಇವರು ಕೆಳಮನೆಯವರು, ಇದು ಯಾರ ಮಗಳು, ಆ ದನದ ಹೆಸರು ಗೌರಿ. ಅಪ್ಪನಿಗೆ ಅರ್ಧದಷ್ಟು ಜನರೂ ಗೊತ್ತಾಗಲಿಲ್ಲ, ಅತ್ತೆಗೆ ಎಪ್ಪತ್ತೆಂಟು. ಇಪ್ಪತ್ತೊಂದನೇ ನಿಮಿಷದಲ್ಲಿ ಜಗಲಿಯ ಕಂಬಕ್ಕೆ ಒರಗಿ ಕಾಫಿ ಕುಡಿಯುತ್ತಾ ಅಜ್ಜಿಯ ಜೊತೆ ನಗುವ ಬಿಳಿ ಅಂಗಿಯವರೊಬ್ಬರು ಇದ್ದಾರೆ. ಅವರು ಯಾರು ಅಂತ ಅತ್ತೆಗೂ ನೆನಪಾಗಲಿಲ್ಲ. ಆ ತುಣುಕನ್ನು ಕೊಪ್ಪದಲ್ಲಿರುವ ಸಣ್ಣತ್ತೆಗೆ ಕಳಿಸಿದ್ದೇನೆ.