ಹಾಫ್‌ಟೈಮ್‌ನಲ್ಲಿ ಯಾರೂ ಎದ್ದು ಹೋಗಲ್ಲ

ಅಮೆರಿಕನ್ ಫುಟ್‌ಬಾಲ್ ಮ್ಯಾಚ್‌ನಲ್ಲಿ ಹಾಫ್‌ಟೈಮ್ ಅಂದ್ರೆ ಸಾಮಾನ್ಯವಾಗಿ ಜನ ಎದ್ದು ಹೋಗುವ ಹೊತ್ತು. ರೆಸ್ಟ್‌ರೂಮ್ ಮುಂದೆ ಒಂದು ಕ್ಯೂ, ತಿಂಡಿ ಅಂಗಡಿ ಮುಂದೆ ಇನ್ನೊಂದು. ಆದರೆ ನ್ಯೂ ಆರ್ಲಿಯನ್ಸ್‌ನ ಸೂಪರ್‌ಡೋಮ್‌ನಲ್ಲಿ ನಡೆಯುವ ‘ಬೇಯೂ ಕ್ಲಾಸಿಕ್’ನಲ್ಲಿ ಇದು ಪೂರ್ತಿ ಉಲ್ಟಾ. ತಿಂಡಿ ತರಲು ಹೋದವರು ಹಾಫ್‌ಟೈಮ್‌ಗೆ ಮುಂಚೆ ಓಡಿ ಬಂದು ಸೀಟಲ್ಲಿ ಕೂರ್ತಾರೆ. ಯಾಕಂದ್ರೆ ಆಗ ಮೈದಾನಕ್ಕೆ ಇಳಿಯೋದು ಬ್ಯಾಂಡ್.

ನನ್ನನ್ನು ಅಲ್ಲಿಗೆ ಎಳೆದದ್ದು ಮಾತ್ರ ಚಿತ್ರಗಳು. ನ್ಯೂ ಆರ್ಲಿಯನ್ಸ್‌ನ ಕಲಾವಿದ ಕೀತ್ ಡಂಕನ್ ‘ಬ್ಯಾಟಲ್ ಆಫ್ ದಿ ಬ್ಯಾಂಡ್ಸ್’ ಅಂತ ಒಂದು ಸರಣಿ ಬರೆದಿದ್ದಾರೆ. ಕಪ್ಪುವರ್ಣೀಯರ ಕಾಲೇಜುಗಳ ಮಾರ್ಚಿಂಗ್ ಬ್ಯಾಂಡ್‌ಗಳೇ ಅದರ ವಸ್ತು. ಬಣ್ಣದ ಜೊತೆಗೆ ಅಚ್ಚು ಹಾಕಿದ ಬಟ್ಟೆಯನ್ನೂ ಬಳಸುವ ಕಲಾವಿದ ಇವರು. ಫೋನಿನಲ್ಲಿ ಮೊದಲ ಸಲ ನೋಡಿದಾಗ ನನಗೆ ನೆನಪಾದದ್ದು ಅಜ್ಜಿ ಹೊಲಿಯುತ್ತಿದ್ದ ಕೌದಿ. ಜೂಮ್ ಮಾಡಿ ಮಾಡಿ ನೋಡಿದೆ. ಇಷ್ಟು ಸಂಭ್ರಮದ ಹಿಂದೆ ಏನಿದೆ ಅಂತ ಓದತೊಡಗಿದೆ.

ಗುಲಾಮಗಿರಿ ಕೊನೆಗೊಂಡ ಮೇಲೂ ದಕ್ಷಿಣ ಅಮೆರಿಕನ್ ರಾಜ್ಯಗಳ ಬಿಳಿಯರ ಕಾಲೇಜುಗಳಲ್ಲಿ ಕಪ್ಪುವರ್ಣೀಯರಿಗೆ ಬಾಗಿಲು ಮುಚ್ಚಿತ್ತು. ಅವರಿಗಾಗಿ ಬೇರೆ ಕಾಲೇಜುಗಳು ಹುಟ್ಟಿದವು. ಇಂದಿಗೂ ಅಂಥವು ಸುಮಾರು 100 ಇವೆ. ಮೊದಮೊದಲು ಅಲ್ಲಿನ ಬ್ಯಾಂಡ್‌ಗಳ ಶಿಸ್ತು ಮಿಲಿಟರಿಯದ್ದು. ಆಮೇಲೆ ಅದಕ್ಕೆ ಜಾಝ್, ಸೋಲ್, ಚರ್ಚ್ ಸಂಗೀತ, ಡ್ಯಾನ್ಸ್ ಎಲ್ಲವೂ ಸೇರಿಕೊಂಡವು. ಈ ಬದಲಾವಣೆಯಲ್ಲಿ ದೊಡ್ಡ ಹೆಸರು ವಿಲಿಯಂ ಫಾಸ್ಟರ್. ಓದುವಾಗ ಅವರಿಗೆ ಸಿಕ್ಕ ಬುದ್ಧಿಮಾತು, ಕಪ್ಪುವರ್ಣೀಯರಿಗೆ ಕಂಡಕ್ಟರ್ ಕೆಲಸ ಸಿಗಲ್ಲ ಅನ್ನೋದು. ಅವರು 1946ರಲ್ಲಿ ಫ್ಲಾರಿಡಾ ಎ ಆ್ಯಂಡ್ ಎಂ ವಿಶ್ವವಿದ್ಯಾಲಯ ಸೇರಿ, ಅಲ್ಲಿನ ‘ಮಾರ್ಚಿಂಗ್ 100’ ಬ್ಯಾಂಡನ್ನು 1998ರವರೆಗೂ ನಡೆಸಿದರು. 1989ರಲ್ಲಿ ಫ್ರೆಂಚ್ ಕ್ರಾಂತಿಯ 200ನೇ ವರ್ಷಾಚರಣೆಗೆ ಪ್ಯಾರಿಸ್‌ನಲ್ಲಿ ಅಮೆರಿಕದ ಪರವಾಗಿ ಮೆರವಣಿಗೆ ಹೋದದ್ದು ಇದೇ ಬ್ಯಾಂಡ್.

ನಾನಿರುವ ಹ್ಯೂಸ್ಟನ್‌ನಿಂದ ನ್ಯೂ ಆರ್ಲಿಯನ್ಸ್‌ಗೆ ಸುಮಾರು 560 ಕಿ.ಮೀ. ಐ-10 ಹೆದ್ದಾರಿಯಲ್ಲಿ ಆರು ಗಂಟೆ ಲೆಕ್ಕ ಹಾಕಿ. ದಾರಿಯಲ್ಲಿ ಮಿಸಿಸಿಪ್ಪಿ ದಾಟಿದರೆ ಬ್ಯಾಟನ್ ರೂಜ್. ‘ಹ್ಯೂಮನ್ ಜ್ಯೂಕ್‌ಬಾಕ್ಸ್’ ಬ್ಯಾಂಡಿನ ಸದರ್ನ್ ಯೂನಿವರ್ಸಿಟಿ ಇರೋದು ಅಲ್ಲೇ. ಎದುರಾಳಿ ಗ್ರಾಂಬ್ಲಿಂಗ್ ಸ್ಟೇಟ್. ಅವರ ಬ್ಯಾಂಡ್ 1926ರದ್ದು. 1967ರ ಮೊಟ್ಟಮೊದಲ ಸೂಪರ್ ಬೌಲ್‌ನಲ್ಲಿ ನುಡಿಸಿದ ಹಿರಿಮೆ ಅದಕ್ಕಿದೆ. ಈ ಎರಡು ಕಾಲೇಜುಗಳ ನಡುವೆ ಬೇಯೂ ಕ್ಲಾಸಿಕ್ ಶುರುವಾದದ್ದು 1974ರಲ್ಲಿ.

ದಸರಾದ ಪೊಲೀಸ್ ಬ್ಯಾಂಡ್ ಮನಸ್ಸಲ್ಲಿಟ್ಟುಕೊಂಡು ಹೋದರೆ ಬೆಚ್ಚಿಬೀಳ್ತೀರಿ. ಮೊದಲು ಡ್ರಮ್ ಮೇಜರ್ ಬರ್ತಾನೆ. ಬೆನ್ನನ್ನು ಹಿಂದಕ್ಕೆ ಬಿಲ್ಲಿನ ಹಾಗೆ ಬಗ್ಗಿಸಿ, ಉದ್ದನೆ ಟೋಪಿಯ ತುದಿಯನ್ನು ನೆಲಕ್ಕೆ ಮುಟ್ಟಿಸ್ತಾನೆ. ಇಡೀ ಸ್ಟೇಡಿಯಂ ಕಿರುಚುತ್ತೆ. ಹಿಂದೆ ಸಾಲುಸಾಲು ಹುಡುಗ ಹುಡುಗಿಯರು. ತೊಡೆ ನೆಲಕ್ಕೆ ಸಮಾನಾಂತರ ಆಗುವಷ್ಟು ಎತ್ತರಕ್ಕೆ ಕಾಲೆತ್ತಿ ಹೆಜ್ಜೆ. ಮೈ ಸುತ್ತಿಕೊಂಡ ದೊಡ್ಡ ಸೂಸಫೋನ್ ಹೊತ್ತವರೂ ಕುಣೀತಾರೆ. ಡ್ರಮ್ ಪೆಟ್ಟು ಕಿವಿಗಿಂತ ಮೊದಲು ಎದೆಗೆ ತಾಗುತ್ತೆ. ಇವರಲ್ಲಿ ಬಹಳಷ್ಟು ಜನ ಸಂಗೀತದ ವಿದ್ಯಾರ್ಥಿಗಳಲ್ಲ. ಎಂಜಿನಿಯರಿಂಗ್, ನರ್ಸಿಂಗ್, ಬಿಸಿನೆಸ್ ಓದುವವರು. ಕೆಲವರ ಕಾಲೇಜು ಫೀಸು ಕಟ್ಟೋದೇ ಬ್ಯಾಂಡ್ ಸ್ಕಾಲರ್‌ಶಿಪ್.

ಸ್ಟ್ಯಾಂಡಿನ ಮೇಲಿನ ಸಾಲಿನಿಂದ ನೋಡಿದಾಗ ಯಾರ ಮುಖವೂ ಕಾಣಲಿಲ್ಲ. ನೀಲಿ ಬಂಗಾರದ ಒಂದು ಅಲೆ, ಕಪ್ಪು ಬಂಗಾರದ ಇನ್ನೊಂದು. ಒಬ್ಬರ ಹೆಜ್ಜೆ ಇನ್ನೊಬ್ಬರಿಂದ ಬೇರೆಯಾಗಿ ಕಾಣಬಾರದು ಅನ್ನೋದೇ ಬ್ಯಾಂಡಿನ ಗುರಿ. ಚಿತ್ರ ಮಾಡೋದು ಬೇರೆ ಕೆಲಸ. ಆ ಹದಿನೈದು ನಿಮಿಷವನ್ನು ನಿಲ್ಲಿಸಿಬಿಡುತ್ತೆ. ಎಷ್ಟು ಹೊತ್ತು ಬೇಕಾದರೂ ಒಬ್ಬೊಬ್ಬರನ್ನೇ ನೋಡಬಹುದು. ಸದ್ದು ಇಲ್ಲ ನಿಜ, ಆದರೆ ಸದ್ದಿನ ಅಬ್ಬರದಲ್ಲಿ ಕಳೆದುಹೋಗುವ ಮನುಷ್ಯ ಅಲ್ಲಿ ಸಿಗ್ತಾನೆ.

ಇದು ನನಗೆ ಮುಖ್ಯ ಅನ್ನಿಸಿದ್ದಕ್ಕೆ ಕಾರಣ ಇದೆ. 2011ರ ನವೆಂಬರ್‌ನಲ್ಲಿ, ಅದೇ ಪ್ಯಾರಿಸ್‌ಗೆ ಹೋಗಿದ್ದ ಮಾರ್ಚಿಂಗ್ 100ರ 26 ವರ್ಷದ ಡ್ರಮ್ ಮೇಜರ್ ಒಬ್ಬ ರ‍್ಯಾಗಿಂಗ್‌ಗೆ ಸತ್ತ. ಆರ್ಲ್ಯಾಂಡೊದಲ್ಲಿ ಮ್ಯಾಚ್ ಮುಗಿದ ಮೇಲೆ, ನಿಂತಿದ್ದ ಬಸ್ಸಿನೊಳಗೆ, ಸಹ ವಾದಕರೇ ಹೊಡೆದಿದ್ದರು. ಹಲವರಿಗೆ ಶಿಕ್ಷೆಯಾಯಿತು. ಬ್ಯಾಂಡನ್ನು ಅಮಾನತು ಮಾಡಲಾಯಿತು. ಮತ್ತೆ ಮೈದಾನಕ್ಕೆ ಬಂದದ್ದು 2013ರಲ್ಲಿ. ‘ನಮ್ಮವನಾಗಬೇಕು ಅಂದ್ರೆ ಇದನ್ನೆಲ್ಲ ತಡ್ಕೋಬೇಕು’ ಅನ್ನೋ ಮನಸ್ಥಿತಿ ನಮ್ಮ ಹಾಸ್ಟೆಲ್‌ಗಳಿಗೂ ಹೊಸದಲ್ಲ. ಗುಂಪಿನ ಹೆಮ್ಮೆ ಒಬ್ಬನ ಜೀವಕ್ಕಿಂತ ದೊಡ್ಡದಾದಾಗ ಆಗೋದು ಇದೇ.

ಹಾಗಂತ ಬ್ಯಾಂಡನ್ನೇ ಬೇಡ ಅನ್ನೋಕಾಗಲ್ಲ. ಬಾಗಿಲು ಮುಚ್ಚಿದವರ ಮುಂದೆ ತಲೆಯೆತ್ತಿ ನಡೆಯೋದನ್ನು ಮಕ್ಕಳಿಗೆ ಕಲಿಸಿದ್ದು ಈ ಬ್ಯಾಂಡ್‌ಗಳೇ. ಹಬ್ಬ ಆಚರಿಸುವ ಚಿತ್ರಗಳು ಬೇಕು. ಆದರೆ ಅವುಗಳಲ್ಲಿ ಯೂನಿಫಾರ್ಮ್ ಜೊತೆ ಮುಖವೂ ಇರಬೇಕು.

ನೀವು ಆ ಕಡೆ ಇದ್ದರೆ, ಥ್ಯಾಂಕ್ಸ್‌ಗಿವಿಂಗ್ ರಜೆಗೆ ಪ್ಲಾನ್ ಮಾಡಿ. ಶುಕ್ರವಾರ ಬ್ಯಾಂಡ್‌ಗಳ ಜುಗಲ್‌ಬಂದಿ, ಶನಿವಾರ ಮ್ಯಾಚ್. ಹೋಟೆಲ್ ಬೇಗ ಬುಕ್ ಮಾಡಿ, ಆಗ ಊರು ತುಂಬಿ ತುಳುಕುತ್ತೆ. ಸಾಧ್ಯವಾದರೆ ಕೆಳಗಿನ ಸಾಲಿನ ಟಿಕೆಟ್ ತಗೊಳ್ಳಿ. ಫೋನ್ ಒಂದೈದು ನಿಮಿಷ ಜೇಬಲ್ಲಿಟ್ಟು, ಯಾರಾದರೂ ಒಬ್ಬ ಹುಡುಗಿಯನ್ನೋ ಹುಡುಗನನ್ನೋ ಆರಿಸಿಕೊಂಡು, ಹಾಡು ಮುಗಿಯುವವರೆಗೂ ಅವರ ವಾದನವನ್ನೇ ನೋಡ್ತಾ ಇರಿ.